ಚಾವಡಿಯ ಹಾಜರಿಯಿಂದ ಕೋರ್ಟಿನ ಕಟಕಟೆಯವರೆಗೆ: ನಮ್ಮ ಸಾಂಗ್ಲಿ-ಮಿರಜ ಸೀಮೆಯ ಒಂದು ನ್ಯಾಯದ ಕಥೆ



‘ಹಾಜರಿ’ ಎಂದ ಕೂಡಲೇ ನಮಗೆ ನೆನಪಾಗುವುದು ಶಾಲೆ, ಇಲ್ಲವೇ ಭಾನುವಾರದ ಧರ್ಮೋಪದೇಶದ ತರಗತಿ. ಹೆಸರು ಕರೆದರೆ ‘ಇದ್ದೇನೆ’ ಅನ್ನುತ್ತೇವೆ, ಅಲ್ಲಿಗೆ ಮುಗಿಯಿತು. ಆದರೆ ನೂರು ವರ್ಷಗಳ ಹಿಂದೆ ನಮ್ಮ ಕೃಷ್ಣಾ ನದಿಯ ಸುತ್ತಮುತ್ತಲಿನ ಎಷ್ಟೋ ಊರುಗಳಲ್ಲಿ ಇದೇ ಮಾತು ಕೇಳಿದರೆ ಕೆಲವು ಮನೆಗಳಲ್ಲಿ ಎದೆ ನಡುಗುತ್ತಿತ್ತು. ಆ ಮನೆಯ ಗಂಡಸರು ಕತ್ತಲಾದ ಮೇಲೆ ಊರ ಚಾವಡಿಗೆ ಹೋಗಿ, ಪಾಟೀಲರ ಮುಂದೆ ನಿಂತು, ‘ನಾನು ಊರಲ್ಲೇ ಇದ್ದೇನೆ, ಎಲ್ಲೂ ಕದಿಯಲು ಹೋಗಿಲ್ಲ’ ಎಂದು ತೋರಿಸಬೇಕಿತ್ತು. ಅವರು ಕಳ್ಳತನ ಮಾಡಿದ್ದರೆಂದಲ್ಲ. ಅಂಥ ಜಾತಿಯಲ್ಲಿ ಹುಟ್ಟಿದ್ದರೆಂಬುದೇ ಕಾರಣ.

ಹೊರದೇಶಗಳಲ್ಲಿ ಪೊಲೀಸರು ಮತ್ತು ಕೋರ್ಟುಗಳು ಕಪ್ಪು ಜನರನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ ನಾವು ಓದುತ್ತೇವೆ. 2020ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತಾಗ ನಮ್ಮ ಮೊಬೈಲುಗಳಲ್ಲೂ ಆ ವಿಡಿಯೋ ಬಂತು. ಇಂಗ್ಲೆಂಡಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ ಹುಡುಗನ ಕೊಲೆಯ ತನಿಖೆ ಹಾದಿ ತಪ್ಪಿದ್ದರ ಬಗ್ಗೆ 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ, ಜನಾಂಗಭೇದ ಪೊಲೀಸ್ ವ್ಯವಸ್ಥೆಯ ಒಳಗೇ ಬೇರೂರಿದೆ ಎಂದಿತು. ‘ಅದು ಅವರ ದೇಶದ ಕಥೆ’ ಎಂದು ನಾವು ಪಕ್ಕಕ್ಕೆ ಸರಿಸಬಹುದು. ಆದರೆ ಹುಟ್ಟನ್ನು ನೋಡಿ ಅಪರಾಧಿ ಎನ್ನುವ ಕಾಯ್ದೆ ನಮ್ಮಲ್ಲೇ ಇತ್ತು. ಅದನ್ನು ಮುರಿಯಲು ನಮ್ಮ ನೆರೆಹೊರೆಯ ಸಣ್ಣ ಸಣ್ಣ ಸರಕಾರಗಳು ಮಾಡಿದ ಪ್ರಯತ್ನಗಳೂ ಇವೆ. ಆ ಕಥೆಯನ್ನು ಈ ಸಲ ಹಂಚಿಕೊಳ್ಳುತ್ತಿದ್ದೇವೆ.

ಹುಟ್ಟನ್ನೇ ಅಪರಾಧ ಮಾಡಿದ ಕಾಯ್ದೆ

1871ರ ಅಕ್ಟೋಬರ್ 12ರಂದು ಬ್ರಿಟಿಷ್ ಸರಕಾರ ‘ಕ್ರಿಮಿನಲ್ ಟ್ರೈಬ್ಸ್ ಆಕ್ಟ್’ ತಂದಿತು. ಮೊದಲು ಅದು ಉತ್ತರ ಭಾರತಕ್ಕಿತ್ತು. 1911ರ ಹೊಸ ಕಾಯ್ದೆಯೊಂದಿಗೆ ಮುಂಬಯಿ ಪ್ರಾಂತಕ್ಕೂ ಬಂತು. ಆಗ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳೆಲ್ಲ ಮುಂಬಯಿ ಪ್ರಾಂತದಲ್ಲೇ ಇದ್ದವು. 1924ರಲ್ಲಿ ಎಲ್ಲವನ್ನೂ ಸೇರಿಸಿ ಮತ್ತೊಂದು ಕಾಯ್ದೆ ಮಾಡಿದರು.

ಇದು ಹೇಗೆ ನಡೆಯುತ್ತಿತ್ತು ಎಂಬುದನ್ನು ಗಮನಿಸಿ. ಒಂದು ಇಡೀ ಪಂಗಡವನ್ನು ‘ಅಪರಾಧಿ ಬುಡಕಟ್ಟು’ ಎಂದು ಸರಕಾರ ಗೆಜೆಟ್‌ನಲ್ಲಿ ಪ್ರಕಟಿಸುತ್ತಿತ್ತು. ಬಳಿಕ ಆ ಪಂಗಡದವರ ಹೆಸರು ರಿಜಿಸ್ಟರಿಗೆ ಹತ್ತುತ್ತಿತ್ತು, ಬೆರಳಚ್ಚು ತೆಗೆಯುತ್ತಿದ್ದರು. ಗೊತ್ತುಪಡಿಸಿದ ಹೊತ್ತಿಗೆ ಹಾಜರಿ ಕೊಡಬೇಕು. ಬೇರೆ ಊರಿಗೆ ಹೋಗಬೇಕಾದರೆ ಪಾಸು ಬೇಕು. ನೆಂಟರ ಮದುವೆಯಾದರೂ ಸರಿ, ಸಾವಾದರೂ ಸರಿ. ಆರು ವರ್ಷ ದಾಟಿದ ಮಕ್ಕಳನ್ನು ತಂದೆತಾಯಿಗಳಿಂದ ಬೇರೆ ಮಾಡಿ ಸುಧಾರಣಾ ಶಾಲೆಗೆ ಹಾಕುವ ಅಧಿಕಾರವೂ ಸರಕಾರಕ್ಕಿತ್ತು. ಕೆಲವು ಅಪರಾಧಗಳಲ್ಲಿ ಎರಡನೇ ಸಲ ಶಿಕ್ಷೆಯಾದರೆ ಕನಿಷ್ಠ ಏಳು ವರ್ಷ ಜೈಲು, ಮೂರನೇ ಸಲವಾದರೆ ಜೀವಾವಧಿ ಗಡೀಪಾರು. ಅದೇ ತಪ್ಪನ್ನು ಬೇರೆ ಜಾತಿಯವನು ಮಾಡಿದರೆ ಈ ಲೆಕ್ಕ ಇರಲಿಲ್ಲ.

ಎಲ್ಲಕ್ಕಿಂತ ಗಟ್ಟಿಯಾದ ಬೀಗ ಇನ್ನೊಂದಿತ್ತು. ‘ನಮ್ಮ ಪಂಗಡದ ಮೇಲೆ ಹೊರಡಿಸಿದ ಪ್ರಕಟಣೆ ತಪ್ಪು’ ಎಂದು ಯಾವ ಕೋರ್ಟಿನಲ್ಲೂ ಕೇಳುವಂತಿರಲಿಲ್ಲ. ಅಂದರೆ ಪೊಲೀಸರು ಹಿಡಿಯಬಹುದು, ಕೋರ್ಟು ಶಿಕ್ಷಿಸಬಹುದು, ಆದರೆ ಹಣೆಪಟ್ಟಿ ಸರಿಯೋ ತಪ್ಪೋ ಎಂದು ನೋಡಲು ಕೋರ್ಟಿಗೆ ಅಧಿಕಾರವಿಲ್ಲ.

ಈ ಹಣೆಪಟ್ಟಿ ಬಿದ್ದವರು ಯಾರೋ ದೂರದವರಲ್ಲ. ಇಂದು ಮಹಾರಾಷ್ಟ್ರದ ವಿಮುಕ್ತ ಜಾತಿಗಳ ಪಟ್ಟಿಯಲ್ಲಿ 14 ಹೆಸರುಗಳಿವೆ. ಬೇರಡ, ಕೈಕಾಡಿ, ವಡಾರ, ರಾಮೋಶಿ, ಬಂಜಾರ, ಪಾಲ್ ಪಾರ್ಧಿ, ಛಪ್ಪರಬಂದ ಮುಂತಾದವರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೇಡರು, ವಡ್ಡರು, ಲಂಬಾಣಿಗರು, ಕೊರವರ ನೆಂಟರು. ನಮ್ಮ ಮನೆಗಳ ಅಡಿಪಾಯದ ಕಲ್ಲು ಒಡೆದವರು, ಬುಟ್ಟಿ ಹೆಣೆದವರು, ಊರು ಕಾದವರು. ಮುಧೋಳ ಹತ್ತಿರದ ಹಲಗಲಿಯ ಬೇಡರು 1857ರಲ್ಲಿ ಆಯುಧ ಒಪ್ಪಿಸಲು ನಿರಾಕರಿಸಿ ಬ್ರಿಟಿಷರ ವಿರುದ್ಧ ನಿಂತರು. ಅವರಲ್ಲಿ ಹಲವರನ್ನು ನೇಣಿಗೇರಿಸಿದರು. ಒಂದು ಕಾಲದ ಬಂಡಾಯಗಾರರ ಕುಲವೇ ಮುಂದೆ ಪೊಲೀಸರ ಕಣ್ಣಲ್ಲಿ ಕಳ್ಳರ ಕುಲವಾಯಿತು.

ನಮ್ಮಲ್ಲಿ ವಿಜ್ಞಾನ ಓದುತ್ತಿರುವವರು ಬಹಳ ಮಂದಿ. ಕಳ್ಳತನಕ್ಕೆ ವಂಶವಾಹಿ ಇಲ್ಲ ಎಂಬುದು ನಮಗೆ ಗೊತ್ತು. ಇನ್ನೊಂದು ಮಾತೂ ಗೊತ್ತಿರಬೇಕು. ಪ್ರಯೋಗದಲ್ಲಿ ಒಂದೇ ಕಡೆಯಿಂದ ಮಾದರಿ ತೆಗೆದರೆ ಉತ್ತರವೂ ಒಂದೇ ಕಡೆ ವಾಲುತ್ತದೆ. ಹತ್ತು ಕೇರಿಗಳಿರುವ ಊರಿನಲ್ಲಿ ಪೊಲೀಸರು ಒಂದೇ ಕೇರಿಯನ್ನು ಹಗಲೂ ರಾತ್ರಿ ಕಾದರೆ, ಸಿಕ್ಕಿಬೀಳುವವರೂ ಅದೇ ಕೇರಿಯವರು. ವರ್ಷದ ಕೊನೆಗೆ ‘ನೋಡಿ, ಅಂಕಿ ಅಂಶವೇ ಹೇಳುತ್ತದೆ’ ಎಂದು ಮತ್ತಷ್ಟು ಕಾವಲು ಹಾಕುತ್ತಾರೆ. ಇದು ಲೆಕ್ಕವಲ್ಲ, ಮೊದಲೇ ಬರೆದಿಟ್ಟ ಉತ್ತರ.

ಕೊಲ್ಹಾಪುರದ ಆಜ್ಞೆ, 1918

ಸಾಂಗ್ಲಿ ಮತ್ತು ಮಿರಜ ಆಗ ಪಟವರ್ಧನ ಮನೆತನದ ಸಂಸ್ಥಾನಗಳು. ಪಕ್ಕದಲ್ಲೇ ಕೊಲ್ಹಾಪುರ ಸಂಸ್ಥಾನ. 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹು ಮಹಾರಾಜರು 1902ರ ಜುಲೈ 26ರಂದು ತಮ್ಮ ಆಡಳಿತದ ನೌಕರಿಗಳಲ್ಲಿ ಅರ್ಧದಷ್ಟನ್ನು ಹಿಂದುಳಿದವರಿಗೆ ಮೀಸಲಿಟ್ಟ ಸಂಗತಿ ನಮಗೆ ಪಾಠದಲ್ಲಿ ಬಂದಿದೆ. ಪೊಲೀಸು ಮತ್ತು ಕೋರ್ಟಿನ ವಿಷಯದಲ್ಲಿ ಅವರು ಮಾಡಿದ ಕೆಲಸ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ.

1918ರಲ್ಲಿ ಮಹಾರ, ಮಾಂಗ, ರಾಮೋಶಿ, ಬೇರಡ ಜಾತಿಗಳ ಮೇಲೆ ಹೇರಿದ್ದ ಹಾಜರಿ ಪದ್ಧತಿಯನ್ನು ಅವರು ರದ್ದು ಮಾಡಿದರು. ಅದೇ ವರ್ಷ ಮಹಾರರ ವತನವನ್ನೂ ತೆಗೆದರು. ವತನ ಎಂದರೆ ತುಂಡು ಭೂಮಿಯ ಹೆಸರಿನಲ್ಲಿ ಇಡೀ ಮನೆತನವನ್ನು ಊರಿನ ಬಿಟ್ಟಿ ಕೆಲಸಕ್ಕೆ ಕಟ್ಟಿಹಾಕುವುದು. ಫಾಸೆ ಪಾರ್ಧಿಗಳನ್ನು ಅಟ್ಟಿ ಓಡಿಸುವ ಬದಲು ಮಹಾರಾಜರು ಅವರಿಗೆ ನೆಲೆ ಕೊಟ್ಟು, ಕಾವಲಿನ ಕೆಲಸಕ್ಕೆ ಇಟ್ಟುಕೊಂಡರು. ಊರು ಯಾರನ್ನು ಕಳ್ಳರೆಂದಿತೋ ಅವರ ಕೈಗೇ ಕಾವಲು ಒಪ್ಪಿಸಿದರು.

ಕೋರ್ಟಿನ ಬಾಗಿಲನ್ನೂ ಅವರು ಮರೆಯಲಿಲ್ಲ. ಅಸ್ಪೃಶ್ಯರೆನಿಸಿಕೊಂಡ ಸಮಾಜದ ಓದಿದ ಯುವಕರಿಗೆ ವಕೀಲಿಯ ಸನದು ಕೊಟ್ಟರು, ತಲಾಠಿಗಳನ್ನಾಗಿ ನೇಮಿಸಿದರು. ಇದರ ಬೆಲೆ ತಿಳಿಯಬೇಕಾದರೆ ಆ ಕಾಲದ ಕಕ್ಷಿದಾರನ ಜಾಗದಲ್ಲಿ ನಿಂತು ನೋಡಬೇಕು. ವಕೀಲನ ಮನೆಯ ಜಗಲಿ ಹತ್ತಲೂ ಬಿಡದಿದ್ದರೆ ನಮ್ಮ ಕೇಸನ್ನು ಹೇಳುವುದು ಯಾರಿಗೆ? ತಮ್ಮವನೇ ಒಬ್ಬ ಕರಿ ಕೋಟು ಹಾಕಿ ನಿಂತಾಗಲೇ ಕೋರ್ಟು ತಮ್ಮದೂ ಹೌದು ಎಂದು ಅನಿಸುವುದು.

1920ರ ಮಾರ್ಚ್ 21 ಮತ್ತು 22ರಂದು ಇಚಲಕರಂಜಿ ಹತ್ತಿರದ ಮಾಣಗಾವದಲ್ಲಿ ಅಸ್ಪೃಶ್ಯರ ಪರಿಷತ್ತು ನಡೆಯಿತು. ಇಪ್ಪತ್ತೆಂಟು ವರ್ಷದ ಡಾ. ಬಿ. ಆರ್. ಅಂಬೇಡ್ಕರ್ ಅಧ್ಯಕ್ಷರು. ಅಲ್ಲಿಗೆ ಬಂದ ಶಾಹು ಮಹಾರಾಜರು ಹಾಜರಿ ತೆಗೆದದ್ದರ ಬಗ್ಗೆಯೂ ಮಾತನಾಡಿದರು. ನಮ್ಮ ಮಿರಜದಿಂದ ಬೈಕಿನಲ್ಲಿ ಹೋಗಿ ಬರಬಹುದಾದಷ್ಟು ಹತ್ತಿರದಲ್ಲಿ ಈ ಊರಿದೆ.

ತಂತಿ ಬೇಲಿ ಮತ್ತು ಮಿಷನ್

ಇಲ್ಲಿ ನಮ್ಮ ಮನೆಯ ಮಾತನ್ನೂ ಆಡಬೇಕು. ಮಿರಜದಲ್ಲಿ ‘ಮಿಷನ್’ ಎಂದರೆ ಜನರಿಗೆ ಆಸ್ಪತ್ರೆಯ ನೆನಪು. 1894ರಲ್ಲಿ ಡಾ. ವಿಲಿಯಂ ವಾನ್ಲೆಸ್ ಅವರು ಆರಂಭಿಸಿದ ಸೇವೆ ಅದು. ಆದರೆ ಸೊಲ್ಲಾಪುರ, ಹುಬ್ಬಳ್ಳಿ, ಗದಗದಂಥ ಊರುಗಳ ಹಳಬರಿಗೆ ಇನ್ನೊಂದು ಶಬ್ದ ಗೊತ್ತು: ‘ಸೆಟ್ಲಮೆಂಟ್’. ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಇಂದಿಗೂ ಬಡಾವಣೆಗೆ ಅದೇ ಹೆಸರಿದೆ. ರಿಜಿಸ್ಟರಾದ ಪಂಗಡಗಳನ್ನು ಒಂದೇ ಕಡೆ ಕೂಡಿಹಾಕಿ, ಹತ್ತಿರದ ಹತ್ತಿ ಗಿರಣಿಗಳಲ್ಲಿ ದುಡಿಸಿ, ರಾತ್ರಿ ಹಾಜರಿ ತೆಗೆದುಕೊಳ್ಳುತ್ತಿದ್ದ ಜಾಗಗಳು ಅವು. ಮುಂಬಯಿ ಪ್ರಾಂತದಲ್ಲಿ ಒ. ಎಚ್. ಬಿ. ಸ್ಟಾರ್ಟ್ ಎಂಬ ಅಧಿಕಾರಿ ಇವುಗಳ ಉಸ್ತುವಾರಿ ನೋಡುತ್ತಿದ್ದರು.

ಇಂಥ ಸೆಟ್ಲಮೆಂಟುಗಳಲ್ಲಿ ಕೆಲವನ್ನು ಸರಕಾರ ಕ್ರೈಸ್ತ ಸಂಸ್ಥೆಗಳ ಕೈಗೆ ಕೊಟ್ಟಿತ್ತು. ಸೊಲ್ಲಾಪುರದಲ್ಲಿ ಅಮೆರಿಕನ್ ಮರಾಠಿ ಮಿಷನ್ ಇತ್ತು. ದೇಶದ ಬೇರೆ ಕಡೆ ಸಾಲ್ವೇಶನ್ ಆರ್ಮಿ 1908ರಿಂದ ಈ ಕೆಲಸಕ್ಕೆ ಇಳಿದಿತ್ತು. ಅಲ್ಲಿ ಶಾಲೆ ನಡೆದವು, ಔಷಧಿ ಸಿಕ್ಕಿತು, ಕೈಕಸುಬು ಕಲಿಸಿದರು. ದುಡಿದವರಲ್ಲಿ ನಿಜವಾದ ಕರುಣೆ ಇದ್ದವರೂ ಇದ್ದರು. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಬೇಲಿಯ ಬೀಗದ ಕೈ ಇಟ್ಟುಕೊಂಡವರೂ ಅವರೇ. ‘ಇವರನ್ನು ಸುಧಾರಿಸಬೇಕು’ ಎಂದು ಕೇಳಿದಷ್ಟು ಜೋರಾಗಿ ‘ಇವರನ್ನು ಕೂಡಿಹಾಕಿದ್ದು ಸರಿಯೇ?’ ಎಂದು ಕೇಳಿದವರು ಕಡಿಮೆ.

ಯುವಜನರಾದ ನಮಗೆ ಇದು ಗೊತ್ತಿರಬೇಕು. ನಜರೇತಿನಿಂದ ಒಳ್ಳೆಯದು ಬರಲು ಸಾಧ್ಯವೇ ಎಂದು ಯೇಸುವಿನ ಬಗ್ಗೆಯೇ ಜನ ಕೇಳಿದ್ದರು. ಊರಿನ ಹೆಸರು ಕೇಳಿ ಮನುಷ್ಯನನ್ನು ಅಳೆದಿದ್ದರು. ಕೊನೆಗೆ ಅಪರಾಧಿಗಳ ನಡುವೆ ಅಪರಾಧಿಯೆಂದು ಎಣಿಸಿ ಶಿಲುಬೆಗೆ ಏರಿಸಿದರು. ಅಂಥ ಪ್ರಭುವನ್ನು ಹಿಂಬಾಲಿಸುವವರು ಹಣೆಪಟ್ಟಿ ಅಂಟಿಸುವವರ ಜೊತೆ ನಿಲ್ಲುವುದು ಹೇಗೆ? ಕರುಣೆ ಸಾಲದು, ನ್ಯಾಯವೂ ಬೇಕು ಎಂಬ ಪಾಠವನ್ನು ಈ ಸೆಟ್ಲಮೆಂಟುಗಳಿಂದ ನಾವು ಕಲಿಯಬೇಕು.

ಆಟಪಾಡಿಯ ಗೋಡೆಯಿಲ್ಲದ ಜೈಲು, 1939

ನಮ್ಮ ಸಾಂಗ್ಲಿ ಜಿಲ್ಲೆಯ ಆಟಪಾಡಿ ಮತ್ತು ಕುಂಡಲ ಆಗ ಔಂಧ ಸಂಸ್ಥಾನಕ್ಕೆ ಸೇರಿದ್ದವು. ಇದೇ ಸಂಸ್ಥಾನದ ಒಂದು ತುಣುಕು ವಿಜಯಪುರ ಕಡೆಯ ಗುಣದಾಳ, ಅಪ್ಪಟ ಕನ್ನಡ ಸೀಮೆ. 1939ರ ಜನವರಿಯಲ್ಲಿ ರಾಜ ಭವಾನರಾವ್ ಪಂತಪ್ರತಿನಿಧಿಯವರು ಗಾಂಧೀಜಿಯ ಸಲಹೆಯಂತೆ ತಮ್ಮ ಅಧಿಕಾರವನ್ನು ಜನರ ಕೈಗೆ ಬಿಟ್ಟುಕೊಟ್ಟರು. ಮಗ ಅಪ್ಪಾಸಾಹೇಬ ಪಂತ ಮತ್ತು ಪೋಲೆಂಡಿನಿಂದ ಬಂದ ಎಂಜಿನಿಯರ್ ಮಾರಿಸ್ ಫ್ರೀಡ್‌ಮನ್ ಜೊತೆಗಿದ್ದರು. ಚುನಾಯಿತ ಗ್ರಾಮ ಪಂಚಾಯತಿಗಳಿಗೆ ನ್ಯಾಯ ತೀರ್ಮಾನದಲ್ಲೂ ಪಾಲು ಸಿಕ್ಕಿತು. ರೈತನು ಕೋರ್ಟಿಗೆ ಅಲೆಯುವ ಬದಲು ಕೋರ್ಟೇ ಹಳ್ಳಿಗೆ ಬರುವ ಏರ್ಪಾಡಾಯಿತು.

ಅದೇ ವರ್ಷ ಆಟಪಾಡಿ ಬಳಿ ‘ಸ್ವತಂತ್ರಪುರ’ ಎಂಬ ಬಯಲು ಜೈಲು ಶುರುವಾಯಿತು. ಗೋಡೆ ಇಲ್ಲ, ಬೇಡಿ ಇಲ್ಲ. ಶಿಕ್ಷೆಗೆ ಒಳಗಾದವರು ಹೆಂಡತಿ ಮಕ್ಕಳೊಂದಿಗೆ ಇದ್ದು ಹೊಲ ಗೇಯ್ದರು. 1957ರಲ್ಲಿ ವಿ. ಶಾಂತಾರಾಮ್ ತೆಗೆದ ‘ದೋ ಆಂಖೇ ಬಾರಹ್ ಹಾಥ್’ ಚಿತ್ರಕ್ಕೆ ಪ್ರೇರಣೆ ಈ ಪ್ರಯೋಗವೇ. ಇಲ್ಲಿ ಒಂದು ಹೋಲಿಕೆ ಮನಸ್ಸಿಗೆ ಬರುತ್ತದೆ. ಸೊಲ್ಲಾಪುರದಲ್ಲಿ ಯಾವ ಅಪರಾಧವೂ ಸಾಬೀತಾಗದ ಮನೆಮಂದಿ ತಂತಿ ಬೇಲಿಯೊಳಗೆ, ಆಟಪಾಡಿಯಲ್ಲಿ ಅಪರಾಧ ಸಾಬೀತಾದವರು ಬಯಲಿನಲ್ಲಿ. ಎರಡರ ನಡುವೆ ಇದ್ದದ್ದು ಎರಡು ಜಿಲ್ಲೆಗಳ ದಾರಿ ಮಾತ್ರ. ಒಂದು ಸರಕಾರ ಹುಟ್ಟನ್ನು ನೋಡಿತು, ಇನ್ನೊಂದು ಮನುಷ್ಯನನ್ನು ನೋಡಿತು.

ಹಳ್ಳಿಯ ಪಂಚರಿಗೆ ಅಧಿಕಾರ ಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದೇನೂ ಅಲ್ಲ. ಊರಿನಲ್ಲಿ ಬಲ ಇದ್ದ ಜಾತಿಯೇ ಪಂಚಾಯತಿಯಲ್ಲೂ ಕೂರಬಹುದು. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಡಾ. ಅಂಬೇಡ್ಕರರು ಹಳ್ಳಿಯನ್ನು ಸುಮ್ಮನೆ ಕೊಂಡಾಡುವುದನ್ನು ಒಪ್ಪದೆ ಇದ್ದದ್ದು ಈ ಕಾರಣಕ್ಕೇ. ಆದ್ದರಿಂದ ಸ್ಥಳೀಯ ಸರಕಾರದ ಒಳ್ಳೆಯ ಮನಸ್ಸು ಬೇಕು, ಅದರ ಮೇಲೆ ಎಲ್ಲರಿಗೂ ಸಮಾನವಾದ ಕಾಯ್ದೆಯೂ ಬೇಕು.

ವಿಮುಕ್ತರಾದರು, ಆದರೂ...

ಸಾಂಗ್ಲಿ, ಮಿರಜ, ಔಂಧ ಸಂಸ್ಥಾನಗಳು 1948ರ ಮಾರ್ಚಿನಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದವು. 1949ರಲ್ಲಿ ನಮ್ಮ ಜಿಲ್ಲೆ ‘ದಕ್ಷಿಣ ಸಾತಾರಾ’ ಎಂಬ ಹೆಸರಿನಲ್ಲಿ ಹುಟ್ಟಿತು, 1960ರಲ್ಲಿ ಸಾಂಗ್ಲಿ ಎಂದಾಯಿತು. ಜಿಲ್ಲೆ ಹುಟ್ಟಿದ 1949ರಲ್ಲೇ ಮುಂಬಯಿ ಸರಕಾರ ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತನ್ನ ಪ್ರಾಂತದಲ್ಲಿ ತೆಗೆದುಹಾಕಿತು. ಅನಂತಶಯನಂ ಅಯ್ಯಂಗಾರ್ ಸಮಿತಿಯ ವರದಿಯ ಬಳಿಕ 1952ರ ಆಗಸ್ಟ್ 31ರಂದು ಇಡೀ ದೇಶದಲ್ಲಿ ರದ್ದಾಯಿತು. ಈ ಸಮುದಾಯಗಳು ಇಂದಿಗೂ ಆಗಸ್ಟ್ 31ನ್ನು ವಿಮುಕ್ತಿ ದಿನವೆಂದು ಆಚರಿಸುತ್ತವೆ.

ಆದರೆ ಹಳೆಯ ಪುಸ್ತಕ ಹೊಸ ರಟ್ಟಿನಲ್ಲಿ ಬಂತು. ‘ರೂಢಿಗತ ಅಪರಾಧಿಗಳ ಕಾಯ್ದೆ’ ಮುಂಬಯಿಯಲ್ಲಿ 1959ರಲ್ಲಿ, ಆಗಿನ ಮೈಸೂರು ರಾಜ್ಯದಲ್ಲಿ 1961ರಲ್ಲಿ ಜಾರಿಯಾಯಿತು. ಇದರಲ್ಲಿ ಜಾತಿಯ ಹೆಸರಿಲ್ಲ, ವ್ಯಕ್ತಿಯ ಹಳೆಯ ಶಿಕ್ಷೆಗಳ ಲೆಕ್ಕವಿದೆ. ಆದರೂ ಠಾಣೆಯ ರೂಢಿ ಬದಲಾಗಲಿಲ್ಲ, ಅನುಮಾನ ಮೊದಲು ಹೋಗುವುದು ಅದೇ ಗುಡಿಸಲುಗಳ ಕಡೆಗೆ. ಜನಾಂಗಭೇದದ ವಿರುದ್ಧದ ವಿಶ್ವಸಂಸ್ಥೆಯ ಸಮಿತಿ 2007ರಲ್ಲಿ ಇಂಥ ಕಾಯ್ದೆಗಳನ್ನು ತೆಗೆಯುವಂತೆ ಭಾರತಕ್ಕೆ ಹೇಳಿತು. ಲಕ್ಷ್ಮಣ ಗಾಯಕವಾಡ ಅವರು ‘ಉಚಲ್ಯಾ’ ಎಂಬ ಆತ್ಮಕಥೆಯಲ್ಲಿ ಇಂಥ ಬಾಲ್ಯವನ್ನು ಬರೆದರು. 1988ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡಕ್ಕೂ ಬಂದಿದೆ, ಓದಲೇಬೇಕಾದ ಪುಸ್ತಕ.

ಅನುಮಾನ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಪ್ರಕರಣ ಇದೆ. ಅಲೆಮಾರಿ ಸಮುದಾಯದ ಆರು ಜನರಿಗೆ ಕೊಲೆ, ಅತ್ಯಾಚಾರದ ಪ್ರಕರಣದಲ್ಲಿ ಮರಣದಂಡನೆಯಾಗಿತ್ತು. 2009ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು. 2019ರ ಮಾರ್ಚ್ 5ರಂದು ಅದೇ ಸುಪ್ರೀಂ ಕೋರ್ಟು ಆರೂ ಜನರನ್ನು ನಿರ್ದೋಷಿಗಳೆಂದು ಬಿಡುಗಡೆ ಮಾಡಿತು. ಪ್ರತ್ಯಕ್ಷ ಕಂಡವರು ಬೇರೆ ನಾಲ್ವರನ್ನು ಗುರುತಿಸಿದ್ದರೂ ಆ ದಿಕ್ಕಿನಲ್ಲಿ ತನಿಖೆಯೇ ನಡೆದಿರಲಿಲ್ಲ. ತಲಾ ಐದು ಲಕ್ಷ ರೂಪಾಯಿ ಪರಿಹಾರ ಕೊಡಲು ಕೋರ್ಟು ಹೇಳಿತು. ಅಷ್ಟರಲ್ಲಿ ಅವರ ಬದುಕಿನ ಸುಮಾರು 16 ವರ್ಷ ಜೈಲಿನಲ್ಲಿ ಕಳೆದಿತ್ತು.

2024ರ ಅಕ್ಟೋಬರ್ 3ರಂದು ಇನ್ನೊಂದು ದೊಡ್ಡ ತೀರ್ಪು ಬಂತು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಜೈಲಿನ ಒಳಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನು ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಲು ಹೇಳಿತು. ವಿಮುಕ್ತ ಸಮುದಾಯದವರು ಎಂಬ ಕಾರಣಕ್ಕೆ ಯಾರನ್ನೂ ‘ರೂಢಿಗತ ಅಪರಾಧಿ’ ಎನ್ನಬಾರದು, ಮನಸ್ಸಿಗೆ ಬಂದಂತೆ ಬಂಧಿಸಬಾರದು ಎಂದಿತು. 1918ರಲ್ಲಿ ಕೊಲ್ಹಾಪುರದ ಒಂದು ಆಜ್ಞೆ ಹೇಳಿದ ಮಾತು ದೇಶದ ಜೈಲುಗಳನ್ನು ಮುಟ್ಟಲು 106 ವರ್ಷ ಬೇಕಾಯಿತು.

ಗಡಿಯವರಾದ ನಮಗೆ ಕಾಣುವ ಸಂಗತಿ

ನಾವು ಗಡಿಯಲ್ಲಿರುವುದರಿಂದ ಬೇರೆಯವರಿಗೆ ಸುಲಭವಾಗಿ ಕಾಣದ ಒಂದು ವಿಷಯ ನಮಗೆ ಕಾಣುತ್ತದೆ. ಕರ್ನಾಟಕದಲ್ಲಿ ವಡ್ಡರು ಮತ್ತು ಲಂಬಾಣಿಗರು ಪರಿಶಿಷ್ಟ ಜಾತಿ, ಬೇಡರು ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ಇವರೆಲ್ಲ ‘ವಿಮುಕ್ತ ಜಾತಿ’. ಕಾಗವಾಡದ ಅಣ್ಣನಿಗೂ ಮಿರಜದ ತಮ್ಮನಿಗೂ ಮಾತು ಒಂದು, ನೆಂಟಸ್ತಿಕೆ ಒಂದು, ಊಟ ಒಂದು. ಆದರೆ ಯಾರಾದರೂ ಜಾತಿ ಹಿಡಿದು ದೌರ್ಜನ್ಯ ಮಾಡಿದರೆ ಅಣ್ಣನ ರಕ್ಷಣೆಗೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, ತಮ್ಮನಿಗೆ ಅದು ಇಲ್ಲ. ಕೋರ್ಟಿನ ಉಚಿತ ವಕೀಲರ ವಿಷಯವೂ ಹಾಗೆಯೇ. ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಕೇಳದೆ ಆ ಸಹಾಯ ಸಿಗುತ್ತದೆ. ವಿಮುಕ್ತರು ಆದಾಯ ಮಿತಿಯ ಒಳಗಿರಬೇಕು, ಇಲ್ಲವೇ ಮಹಿಳೆ, ಮಗು, ಬಂಧನದಲ್ಲಿರುವವರು ಎಂಬಂಥ ಬೇರೆ ಕಾರಣ ಇರಬೇಕು.

ಇನ್ನೊಂದು ಸಂಗತಿ. 2018ರ ಜುಲೈ 1ರಂದು ಧುಳೆ ಜಿಲ್ಲೆಯ ರಾಯಿನಪಾಡಾದಲ್ಲಿ ಮಕ್ಕಳ ಕಳ್ಳರೆಂಬ ವದಂತಿ ನಂಬಿ ಅಲೆಮಾರಿ ಗೋಸಾವಿ ಸಮುದಾಯದ ಐದು ಜನರನ್ನು ಗುಂಪು ಹೊಡೆದು ಕೊಂದಿತು. 2022ರ ಸೆಪ್ಟೆಂಬರಿನಲ್ಲಿ ನಮ್ಮದೇ ಜತ್ತ ತಾಲೂಕಿನ ಲವಂಗಾದಲ್ಲಿ, ವಿಜಯಪುರದಿಂದ ಪಂಢರಪುರಕ್ಕೆ ಹೊರಟಿದ್ದ ನಾಲ್ವರು ಸಾಧುಗಳು ಇದೇ ಅನುಮಾನಕ್ಕೆ ಪೆಟ್ಟು ತಿಂದರು. ಈ ವದಂತಿ ಹಬ್ಬಿದ್ದು ಸರಕಾರದ ಗೆಜೆಟ್‌ನಿಂದಲ್ಲ, ಜನರ ಬಾಯಿಯಿಂದ, ಮೊಬೈಲಿನಿಂದ. ಹಿಂದೆ ರಿಜಿಸ್ಟರು ಚಾವಡಿಯಲ್ಲಿತ್ತು. ಈಗ ಪ್ರತಿಯೊಬ್ಬರ ಜೇಬಿನಲ್ಲಿದೆ.

ಹಾಗಾದರೆ ಯುವಕ ಯುವತಿಯರಾದ ನಾವು ಮಾಡಬಹುದಾದದ್ದು ಏನು?

ಮೊದಲನೆಯದು, ‘ಗ್ಯಾಂಗ್ ಬಂದಿದೆ, ಎಚ್ಚರ’ ಎಂದು ಯಾವುದೋ ಜಾತಿಯ ಹೆಸರು ಹಾಕಿದ ಸಂದೇಶ ಬಂದರೆ ಮುಂದೆ ಕಳಿಸುವುದು ಬೇಡ. ಕಳಿಸಿದವರಿಗೂ ಮೆಲ್ಲಗೆ ತಿಳಿಸಿ ಹೇಳೋಣ.

ಎರಡನೆಯದು, ಕಾಯ್ದೆಯ ನಾಲ್ಕು ಮಾತು ಕಲಿಯೋಣ. ಸಂವಿಧಾನದ 22ನೇ ವಿಧಿಯಂತೆ ಬಂಧಿಸಿದವರಿಗೆ ಕಾರಣ ತಿಳಿಸಬೇಕು, ವಕೀಲರನ್ನು ಕಾಣಲು ಬಿಡಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಸಹಾಯವಾಣಿ 15100. ಈ ಒಂದು ನಂಬರು ಕಲ್ಲು ಒಡೆಯುವ ಅಣ್ಣನ ಮೊಬೈಲಿನಲ್ಲಿ ಸೇವ್ ಆಗಿದ್ದರೂ ಒಂದು ರಾತ್ರಿ ಠಾಣೆಯಲ್ಲಿ ಅವನು ಒಂಟಿಯಾಗುವುದಿಲ್ಲ.

ಮೂರನೆಯದು, ನಮ್ಮ ಧರ್ಮಕೇಂದ್ರದ ಟ್ಯೂಷನ್ ತರಗತಿಗೆ, ಕ್ರೀಡಾಕೂಟಕ್ಕೆ, ಕ್ರಿಸ್ಮಸ್ ಕಾರ್ಯಕ್ರಮಕ್ಕೆ ಆ ಕೇರಿಗಳ ಮಕ್ಕಳನ್ನೂ ಕರೆಯೋಣ. ಮತಕ್ಕೆ ಸೇರಿಸಲು ಅಲ್ಲ, ನೆರೆಯವರೆಂದು. ಅವರಲ್ಲಿ ಒಬ್ಬರು ನಾಳೆ ಕಾನೂನು ಓದಲು ಹೊರಟರೆ ಪುಸ್ತಕದ ಖರ್ಚಿಗೆ ನಮ್ಮ ಯುವಕ ಸಂಘ ನಿಲ್ಲಲಿ. ಶಾಹು ಮಹಾರಾಜರು ಕೊಟ್ಟದ್ದೂ ಅದೇ ಅಲ್ಲವೇ, ಒಂದು ಸನದು.

ಹಿರಿಯರಲ್ಲಿ ಒಂದು ವಿನಂತಿ. ಸಂಸ್ಥಾನದ ಕಾಲದ ಚಾವಡಿ, ಹಾಜರಿ, ಸೆಟ್ಲಮೆಂಟಿನ ನೆನಪುಗಳನ್ನು ಅಜ್ಜ ಅಜ್ಜಿಯರಿಂದ ಕೇಳಿದ್ದರೆ ದಯವಿಟ್ಟು ನಮಗೆ ಹೇಳಿ. ಬರೆದಿಡುತ್ತೇವೆ. ಈ ವಿಮುಕ್ತಿ ದಿನದಂದು, ಆಗಸ್ಟ್ 31ರ ಸಂಜೆಯ ಪ್ರಾರ್ಥನೆಯಲ್ಲಿ, ತಪ್ಪಿಲ್ಲದೆ ಸೆರೆಯಲ್ಲಿರುವವರನ್ನೂ ಅವರನ್ನು ಕಾಯುವ ಪೊಲೀಸರನ್ನೂ ತೀರ್ಪು ಕೊಡುವ ನ್ಯಾಯಾಧೀಶರನ್ನೂ ಒಟ್ಟಿಗೆ ನೆನೆಯೋಣ.

ದೇವರು ನಮಗೆ ನ್ಯಾಯದ ಕಣ್ಣು ಕೊಡಲಿ.

ನಿಮ್ಮ ಯುವಕ ಸಂಘದ ಗೆಳೆಯ ಗೆಳತಿಯರು